ವಾಯಿಲ್ ಬಟ್ಟೆಯ ಮೇಲೆ ಎಳೆದ ಸೂಜಿ

ಇಂಜೆಕ್ಷನ್ ಸೂಜಿಯ ಮೊನೆ ಸರಿ ಇದೆಯೇ ಎಂದು ಪರೀಕ್ಷಿಸುವುದನ್ನು ನನಗೆ ಕಲಿಸಿದ್ದು ಡಾಕ್ಟರಲ್ಲ, ಕಾಪುವಿನ ಒಬ್ಬ ಟೈಲರ್ ಬಾಯಿ (ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು). ಅದನ್ನು ಕಲಿಯುವ ಮೊದಲು ನಾನು ಅವರ ಮುಖಕ್ಕೆ ಮಾಡಿದ ಅನ್ಯಾಯವನ್ನು ಇಷ್ಟು ವರ್ಷ ಹೊರಗೆ ಹೇಳಿಲ್ಲ. ಈಗ ಬರೆಯಲೇ ಎಂದು ಹೋದ ತಿಂಗಳು ಅವರನ್ನೇ ಕೇಳಿದೆ. "ಬರೆಯಿರಿ. ನನ್ನ ಹೆಸರು ಬೇಡ. ನಿಮ್ಮ ತಪ್ಪನ್ನು ಮಾತ್ರ ಸಣ್ಣ ಮಾಡಿ ಬರೆಯಬೇಡಿ" ಎಂದರು. ಹಾಗೆಯೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಣಿಪಾಲದಲ್ಲಿ ಒಬ್ಬ ಡಾಕ್ಟ್ರಮ್ಮ ಚರ್ಮದ ಕಾಯಿಲೆಗಳಿಗೆ ಸ್ವಂತ ಚಿಕಿತ್ಸಾಲಯ ಇಟ್ಟಿದ್ದರು. ನಾನು ಅಲ್ಲಿ ಕಂಪೌಂಡರ್. ಬುಧವಾರ ಕಲೆಗಳ ದಿನ. ಕೆಲವರಿಗೆ ಗಾಯ ಒಣಗಿದ ಮೇಲೂ ಕಲೆ ನಿಲ್ಲುವುದಿಲ್ಲ. ಉಬ್ಬಿ, ಗಟ್ಟಿಯಾಗಿ, ಹಲಸಿನ ಬೀಜದ ಹಾಗೆ ಹೊಳೆಯುತ್ತ ಬೆಳೆಯುತ್ತಲೇ ಇರುತ್ತದೆ. ಕಿವಿ ಚುಚ್ಚಿಸಿದಲ್ಲಿ, ಸುಟ್ಟಲ್ಲಿ, ಸಿಡುಬಿನ ಗುರುತಿನಲ್ಲಿ. ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಮುಖದ ಮೇಲೆ ಬಂದರೆ ಮನುಷ್ಯ ಮನೆಯಿಂದ ಹೊರಗೆ ಹೊರಡುವುದೇ ಕಷ್ಟ. ಅದಕ್ಕೆ ಡಾಕ್ಟ್ರಮ್ಮ ಆ ಗಂಟಿನ ಒಳಗೇ ಸ್ಟಿರಾಯ್ಡ್ ಮದ್ದು ಚುಚ್ಚುತ್ತಿದ್ದರು. ತಿಂಗಳಿಗೊಮ್ಮೆ, ನಾಲ್ಕೈದು ಸಲ. ಗಂಟು ನಿಧಾನವಾಗಿ ಮೆದುವಾಗಿ ತಗ್ಗುತ್ತಿತ್ತು.

ತಗ್ಗುತ್ತಿದ್ದುದು ಕೊನೆಯವರೆಗೂ ಬಂದವರಿಗೆ ಮಾತ್ರ. ಹೆಚ್ಚಿನವರು ಎರಡನೆಯ ಸಲಕ್ಕೇ ನಿಲ್ಲಿಸುತ್ತಿದ್ದರು. ಕಾರಣ ನೋವು. ಆ ಗಂಟು ಒಣ ರಬ್ಬರಿನ ಹಾಗೆ. ಮದ್ದು ಸುಣ್ಣ ಕಲಕಿದ ನೀರಿನ ಹಾಗೆ ಬೆಳ್ಳಗೆ, ಪುಡಿ ತೇಲುವಂಥದ್ದು. ತೆಳು ಸೂಜಿಯಲ್ಲಿ ಅದು ಕಟ್ಟಿಕೊಳ್ಳುತ್ತದೆಂದು ನಾನು ದಪ್ಪ ಸೂಜಿಯನ್ನೇ ಇಡುತ್ತಿದ್ದೆ. ಸೂಜಿಗಳನ್ನು ವಾರಕ್ಕೊಮ್ಮೆ ಎಣ್ಣೆಕಲ್ಲಿನ ಮೇಲೆ ಮಸೆಯುವುದು, ಒಳಗೆ ತಂತಿ ಹಾಯಿಸುವುದು, ಗಾಜಿನ ಸಿರಿಂಜುಗಳನ್ನು ಬಿಡಿಸಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸುತ್ತಿ ಕುದಿಸುವುದು ನನ್ನ ಕೆಲಸ. ಒಂದು ಸೂಜಿಯನ್ನು ಆರು ತಿಂಗಳು ಓಡಿಸುತ್ತೇನೆಂಬ ಜಂಬ ನನಗಿತ್ತು. ಯಾರಾದರೂ ಅತ್ತರೆ, "ಚಂದ ಆಗ್ಬೇಕಾದರೆ ಸ್ವಲ್ಪ ಸಹಿಸ್ಬೇಕು ಮಾರಾಯ್ರೆ" ಎನ್ನುತ್ತಿದ್ದೆ. ಅಂದದ್ದು ಒಬ್ಬರಿಗಲ್ಲ, ನೂರು ಜನಕ್ಕೆ.

ಟೈಲರ್ ಬಾಯಿ ಬಂದದ್ದು ಒಂದು ಆಗಸ್ಟ್ ತಿಂಗಳಲ್ಲಿ. ಮೂವತ್ತರ ಆಸುಪಾಸು. ಕಾಪುವಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ತಾಯಿಯ ಜೊತೆ ಇದ್ದರು. ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಕಿಡಿ ಹಾರಿ ದವಡೆಯ ಕೆಳಗೆ ಸುಟ್ಟಿತ್ತು. ಎರಡು ವರ್ಷದಲ್ಲಿ ಅಲ್ಲಿ ಹೆಬ್ಬೆರಳಿನಷ್ಟು ಉದ್ದದ ಗಂಟು ಬೆಳೆದಿತ್ತು. ಉಡುಪಿಯ ಒಂದು ಹುಡುಗಿಯರ ಶಾಲೆಯಲ್ಲಿ ಅವರಿಗೆ ಹೊಲಿಗೆ ಟೀಚರ್ ಕೆಲಸ ಸಿಕ್ಕಿತ್ತು. ಹೋದದ್ದು ಒಂದೇ ವಾರ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಅಲ್ಲಿ ಜಿಗಣೆ ಕಚ್ಚಿ ಹಿಡಿದುಕೊಂಡಿದೆಯಾ?" ಎಂದು ಕೇಳಿದಳಂತೆ. ಕೇಳಿದ್ದು ತಮಾಷೆಗಲ್ಲ, ಹೆದರಿಕೆಯಿಂದ. ಬಾಯಿ ಮರುದಿನ ಹೋಗಲಿಲ್ಲ. ಶಾಲೆ ನಡೆಸುವ ಕ್ರೈಸ್ತ ಸನ್ಯಾಸಿನಿ, ದೊಡ್ಡ ಸಿಸ್ಟರ್, ಒಳ್ಳೆಯವರು. ಬರುವ ಜೂನ್‌ವರೆಗೆ ತಾತ್ಕಾಲಿಕ ಟೀಚರನ್ನು ಇಡುತ್ತೇವೆ, ಔಷಧಿ ಮಾಡಿಸಿಕೊಂಡು ಬಾ ಎಂದಿದ್ದರು.

ಮೊದಲ ಇಂಜೆಕ್ಷನ್ನಿಗೆ ಬಾಯಿ ಕೂಗಲಿಲ್ಲ. ಕುರ್ಚಿಯ ಕೈಯನ್ನು ಹಿಡಿದ ಬೆರಳುಗಳು ಮಾತ್ರ ಬಿಳಿಚಿಕೊಂಡವು. ಡಾಕ್ಟ್ರಮ್ಮ ಆಚೆ ಹೋದ ಮೇಲೆ ನನ್ನನ್ನು ಕೇಳಿದರು:

"ಎಂತದ್ದು ಕಂಪೌಂಡರೇ ಅದು, ಸೂಜಿಯಾ ದಬ್ಬಣವಾ?"

"ಸೂಜಿಯೇ ಬಾಯಿ. ನಿನ್ನೆಯಷ್ಟೇ ಮಸೆದದ್ದು."

"ಮಸೆದದ್ದು ಹೌದು. ಮೊನೆಗೆ ಕೊಕ್ಕೆ ಉಂಟು. ಒಳಗೆ ಹೋಗುವಾಗ ಅಲ್ಲ, ಹೊರಗೆ ಬರುವಾಗ ಎಳೀತದೆ. ರೇಷ್ಮೆಗೆ ಇಂಥ ಸೂಜಿ ಹಾಕಿದ್ರೆ ಗಿರಾಕಿ ನನ್ನನ್ನು ಬಿಡ್ತಾರಾ?"

ನಾನು ನಕ್ಕೆ. ಬಟ್ಟೆ ಹೊಲಿಯುವವರು ನನಗೆ ಸೂಜಿಯ ಪಾಠ ಹೇಳುವುದೇ ಎಂದು ಒಳಗೊಳಗೇ ಸಿಟ್ಟೂ ಬಂತು. ಎರಡನೆಯ ಸಲ ಇನ್ನೂ ಕೆಟ್ಟದಾಯಿತು. ಒತ್ತಡಕ್ಕೆ ಸೂಜಿ ಸಿರಿಂಜಿನಿಂದ ಕಳಚಿ, ಮದ್ದೆಲ್ಲ ಅವರ ಕೊರಳಿಗೆ ಚಿಮ್ಮಿತು. ಮತ್ತೆ ಚುಚ್ಚಬೇಕಾಯಿತು. ಮೂರನೆಯ ತಿಂಗಳ ಬುಧವಾರ ಬಾಯಿ ಬರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಾಪುವಿನಲ್ಲಿ ನಾನು ಭಾನುವಾರ ಕೆಲವರಿಗೆ ವಿಟಮಿನ್ ಇಂಜೆಕ್ಷನ್ ಕೊಡುತ್ತಿದ್ದೆ. ಹಣಕ್ಕೆ ಅಲ್ಲ. ಜನ ನನ್ನನ್ನು "ಡಾಕ್ಟ್ರೇ" ಎನ್ನುತ್ತಿದ್ದರು, ಅದಕ್ಕೆ. ಕಾರ್ಕಳದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಿಂತವನಿಗೆ ಆ ಒಂದು ಶಬ್ದ ಎಷ್ಟು ಸಿಹಿ ಎಂದು ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ಟೈಲರ್ ಬಾಯಿ ಮಾತ್ರ ನನ್ನನ್ನು ಕಂಪೌಂಡರೇ ಎಂದೇ ಕರೆಯುತ್ತಿದ್ದರು. ಅದು ಸರಿಯೇ ಆಗಿತ್ತು, ನನಗೆ ಚುಚ್ಚುತ್ತಿತ್ತು.

ನವೆಂಬರಿನ ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುತ್ತಿದ್ದ ಅವರನ್ನು ನಾನೇ ನಿಲ್ಲಿಸಿದೆ.

"ಎಂತ ಬಾಯಿ, ಮದ್ದು ಅರ್ಧಕ್ಕೆ ಬಿಟ್ಟರೆ ಹೇಗೆ? ಜೂನ್ ಬರ್ಲಿಕ್ಕೆ ಎಷ್ಟು ತಿಂಗಳು ಉಂಟು?"

"ಆ ಕುರ್ಚಿ ನೆನಪಾದ್ರೆ ಬಸ್ಸು ಹತ್ಲಿಕ್ಕೆ ಕಾಲು ಬರುದಿಲ್ಲ."

"ಮಣಿಪಾಲಕ್ಕೆ ಯಾಕೆ? ನಾನು ಇಲ್ಲೇ ಕೊಡ್ತೇನೆ. ನಿಧಾನ ಕೊಡ್ತೇನೆ. ನೂರು ಸಲ ನೋಡಿದ್ದೇನೆ ಅಲ್ವಾ?"

ಅವರು, "ನಿಮಗೆ ಗೊತ್ತುಂಟಾ, ಸರಿಯಾಗಿ?" ಎಂದು ಕೇಳಿದರು. "ಗೊತ್ತುಂಟು" ಎಂದೆ. ನನಗೆ ಗೊತ್ತಿರಲಿಲ್ಲ.

ಮದ್ದು ಎಲ್ಲಿಂದ? ಚಿಕಿತ್ಸಾಲಯದ ಕಪಾಟಿನಲ್ಲಿ ತೆರೆದ ಬಾಟಲಿಗಳ ತಳದಲ್ಲಿ ಉಳಿದದ್ದು ಇರುತ್ತಿತ್ತು. ಎಸೆಯಬೇಕಾದದ್ದನ್ನು ನಾನು ಎಸೆಯದೆ ಒಂದು ಬಾಟಲಿಯನ್ನು ಕಿಸೆಗೆ ಹಾಕಿಕೊಂಡು ತಂದೆ. ಚೆಲ್ಲುವ ಮದ್ದನ್ನು ಉಪಯೋಗಿಸುತ್ತೇನೆ ಎಂದು ಅದನ್ನೂ ಉಳಿತಾಯವೆಂದೇ ತಿಳಿದಿದ್ದೆ. ಆ ಮದ್ದಿನ ಗುಣವೇನೆಂದರೆ, ನಿಲ್ಲಿಸಿಟ್ಟರೆ ಪುಡಿ ತಳಕ್ಕೆ ಇಳಿಯುತ್ತದೆ. ಮೇಲಿನ ತೆಳುವನ್ನು ಬುಧವಾರವೇ ಎಳೆದಾಗಿತ್ತು. ತಳದಲ್ಲಿದ್ದುದು ಮೊಸರಿನ ಹಾಗೆ ಗಟ್ಟಿಯಾದ, ಎಷ್ಟೋ ಪಟ್ಟು ಜೋರಾದ ಮದ್ದು. ಅದನ್ನೇ ಎಳೆದು, ಅವರ ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಹೊಲಿಗೆ ಮಶೀನಿನ ಪಕ್ಕದ ಸ್ಟೂಲಿನಲ್ಲಿ ಅವರನ್ನು ಕೂರಿಸಿ ಕೊಟ್ಟೆ. ಸೂಜಿಯನ್ನೇನೋ ಅವರ ಅಡಿಗೆಮನೆಯಲ್ಲಿ ಚೆನ್ನಾಗಿ ಕುದಿಸಿದ್ದೆ. ಆದರೆ ಗಂಟು ಗಟ್ಟಿ, ಮದ್ದು ಒಳಗೆ ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಮೊನೆ ಗಂಟಿನಿಂದ ಜಾರಿ ಪಕ್ಕದ ಒಳ್ಳೆಯ ಚರ್ಮಕ್ಕೆ ಇಳಿಯಿತು. ಅಲ್ಲಿ ಮದ್ದು ಸಲೀಸಾಗಿ ಹೋಯಿತು. ಸಲೀಸಾಗಿ ಹೋದದ್ದಕ್ಕೆ ನಾನು ಸಂತೋಷಪಟ್ಟೆ.

"ಈ ಸಲ ನೋವು ಕಡಿಮೆ" ಎಂದರು ಬಾಯಿ. ನನ್ನ ಎದೆ ಉಬ್ಬಿತು.

ಜನವರಿಯಲ್ಲಿ ಅವರು ಸೆರಗನ್ನು ದವಡೆಗೆ ಒತ್ತಿ ಹಿಡಿದು ನಡೆಯುವುದನ್ನು ಕಂಡೆ. ಮನೆಗೆ ಹೋಗಿ ವಿಚಾರಿಸಿದೆ. ಸೆರಗು ಸರಿಸಿ ತೋರಿಸಿದರು. ಗಂಟು ಇದ್ದ ಹಾಗೇ ಇತ್ತು. ಅದರ ಪಕ್ಕದಲ್ಲಿ, ಕೆನ್ನೆಯ ಕಡೆಗೆ, ಚರ್ಮ ಒಳಗೆ ಕುಸಿದು ಒಂದು ಗುಳಿ. ಗುಳಿಯ ಸುತ್ತ ಬಣ್ಣ ಹೋಗಿ ಬಿಳಿ. ಮೊದಲು ಒಂದು ದೋಷ ಇದ್ದಲ್ಲಿ ಈಗ ಎರಡು.

ಅವರ ತಾಯಿ ಒಳಗಿನಿಂದ ಬಂದು, "ಕೆಂಡದ ವಿಷ ಒಳಗೆ ಹಬ್ತಾ ಉಂಟಂತೆ, ಅಲ್ವಾ ಡಾಕ್ಟ್ರೇ?" ಎಂದರು. ಮಗಳು ತಾಯಿಗೆ ಹಾಗೆ ಹೇಳಿದ್ದರು. ನನ್ನ ಹೆಸರು ಹೇಳಿರಲಿಲ್ಲ.

ಹೊರಗೆ ಬಂದ ಮೇಲೆ ಬಾಯಿಯನ್ನು ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗುಳಿ ತುಂಬ್ತದಾ?"

ಬೈದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ. ಅವರು ಬೈಯಲಿಲ್ಲ. ನಾಲ್ಕು ದಿನ ಲೆಕ್ಕ ಹಾಕಿದೆ. ಡಾಕ್ಟ್ರಮ್ಮನಿಗೆ ಹೇಳಿದರೆ ಕೆಲಸ ಹೋಗುವುದು ಖಂಡಿತ. ಹೇಳದಿದ್ದರೆ ಆ ಗುಳಿಗೆ ಏನು ಮದ್ದೆಂದು ಕೇಳಲು ಬೇರೆ ಯಾರೂ ಇಲ್ಲ. ಕೊನೆಗೆ ಐದನೆಯ ದಿನ ಬಾಯಿಯನ್ನು ಕರೆದುಕೊಂಡೇ ಮಣಿಪಾಲದ ಬಸ್ಸು ಹತ್ತಿದೆ. ಅವರು ಬರಲು ಒಪ್ಪಿದ್ದು ಒಂದೇ ಮಾತಿನ ಮೇಲೆ: ಅವತ್ತು ಅವರಿಗೆ ಸೂಜಿ ಹಾಕಬಾರದು.

ಡಾಕ್ಟ್ರಮ್ಮ ಟಾರ್ಚು ಹಿಡಿದು ನೋಡಿದರು. "ಇದು ನಾನು ಕೊಟ್ಟ ಜಾಗ ಅಲ್ಲ. ಯಾರು ಕೊಟ್ಟದ್ದು?"

ಬಾಯಿ ಏನಾದರೂ ಹೇಳುವ ಮೊದಲೇ, "ನಾನು" ಎಂದೆ. ಬಾಟಲಿಯ ತಳದ ಮದ್ದಿನಿಂದ ಹಿಡಿದು ಕೈ ಜಾರಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟೆ.

ಅವರು ಬೀಗದ ಕೈ ಮುಟ್ಟಲಿಲ್ಲ. ಮೊದಲು ಬಾಯಿಯ ಕಡೆ ತಿರುಗಿದರು. "ಈ ಗುಳಿ ಹೆಚ್ಚಾಗಿ ತುಂಬಿಕೊಳ್ತದೆ. ಬಣ್ಣವೂ ಬರ್ಬಹುದು. ಆರು ತಿಂಗಳು, ಒಂದು ವರ್ಷ. ಅಲ್ಲಿವರೆಗೆ ಅದರ ಹತ್ತಿರ ಯಾರೂ ಸೂಜಿ ತರಬಾರದು. ಈ ಜೂನ್ ಆಗುದಿಲ್ಲ. ಬರುವ ವರ್ಷದ ಜೂನಿಗೆ ನಾನು ಪ್ರಯತ್ನ ಮಾಡ್ತೇನೆ."

ನನ್ನಿಂದ ಆ ಬಾಯಿಯ ಒಂದು ವರ್ಷ ಹೋಯಿತು. ಅದನ್ನು ಯಾವ ಜಯವೂ ಹಿಂದಕ್ಕೆ ಕೊಡಲಾರದು.

ಆಮೇಲೆ ಡಾಕ್ಟ್ರಮ್ಮ ನನಗೆ, "ಅಂಗಿಯ ಕೈ ಮಡಚಿ" ಎಂದರು. ಟ್ರೇಯಿಂದ ನಾನೇ ಮಸೆದ, ನಾನೇ ಕುದಿಸಿದ ಒಂದು ಸೂಜಿ ತೆಗೆದು, ಕುದಿಸಿ ಆರಿಸಿದ ಉಪ್ಪುನೀರನ್ನು ನನ್ನ ಮುಂಗೈಯ ಚರ್ಮದ ಒಳಗೆ ನಿಧಾನವಾಗಿ ಚುಚ್ಚಿದರು. ಕಣ್ಣಲ್ಲಿ ನೀರು ಬಂತು. ಹೊರಗೆ ಎಳೆಯುವಾಗ ಚರ್ಮ ಜೊತೆಗೇ ಎದ್ದು ಬಂದ ಹಾಗಾಯಿತು.

"ಚಂದ ಆಗ್ಬೇಕಾದರೆ ಸ್ವಲ್ಪ ಸಹಿಸ್ಬೇಕು ಮಾರಾಯ್ರೆ" ಎಂದರು ಬಾಯಿ, ಮೂಲೆಯ ಬೆಂಚಿನಿಂದ, ನನ್ನದೇ ಧಾಟಿಯಲ್ಲಿ.

ಡಾಕ್ಟ್ರಮ್ಮ ನಗಲಿಲ್ಲ. "ಇದರಲ್ಲಿ ನನಗೂ ಪಾಲುಂಟು. ಉಳಿದ ಬಾಟಲಿಗಳನ್ನು ನಾನು ನೋಡ್ಬೇಕಿತ್ತು. ಜನ ಯಾಕೆ ಬರುದಿಲ್ಲ ಅಂತ ಕೇಳ್ಬೇಕಿತ್ತು. ನಿಮ್ಮನ್ನು ಕಳಿಸುದು ಸುಲಭ. ಇನ್ನೊಬ್ಬ ಬಂದು ಇದೇ ಸೂಜಿ ಮಸೀತಾನೆ. ಈ ಕೋಣೆ ಸರಿ ಮಾಡಿ, ಆಮೇಲೆ ನೋಡುವ. ಕಾಪುವಿನ ಭಾನುವಾರ ಇವತ್ತಿಗೆ ಮುಗೀತು."

"ಮುಗೀತು" ಎಂದೆ. ಮುಗಿಯಿತು.

ಸೂಜಿಯಿಂದಲೇ ಸುರು ಮಾಡಿದೆ. ಮರುದಿನ ನಾಚಿಕೆ ಬಿಟ್ಟು ಹೊಲಿಗೆ ಕೋಣೆಗೆ ಹೋಗಿ, "ಕೊಕ್ಕೆ ಉಂಟಂತ ನಿಮಗೆ ಹೇಗೆ ಗೊತ್ತಾಗ್ತದೆ, ಬಾಯಿ?" ಎಂದು ಕೇಳಿದೆ. ಅವರು ತೆಳುವಾದ ವಾಯಿಲ್ ಬಟ್ಟೆಯ ಒಂದು ತುಂಡು ತೆಗೆದು ಬೆರಳುಗಳ ಮೇಲೆ ಬಿಗಿದು, ನಾನು ತಂದ ಸೂಜಿಯ ಮೊನೆಯನ್ನು ಅದರ ಮೇಲೆ ಅಡ್ಡಕ್ಕೆ ಎಳೆದರು. ಎಳೆ ಸಿಕ್ಕಿತು. ಸೂಜಿ ತಿರುಗಿಸಿ ಮತ್ತೆ ಎಳೆದರು. ಮತ್ತೆ ಸಿಕ್ಕಿತು.

"ನೀವು ಒಂದೇ ಬದಿ ಮಸೀತೀರಿ. ಕಲ್ಲು ತಿಂದ ಕಬ್ಬಿಣ ಇನ್ನೊಂದು ಬದಿಗೆ ಮಗುಚ್ತದೆ. ಕಣ್ಣಿಗೆ ಕಾಣುದಿಲ್ಲ. ಬಟ್ಟೆಗೆ ಗೊತ್ತಾಗ್ತದೆ."

ನನ್ನ ಇಪ್ಪತ್ತನಾಲ್ಕು ಸೂಜಿಗಳನ್ನೂ ಆ ತುಂಡಿನ ಮೇಲೆ ಎಳೆದೆವು. ಎಳೆ ಸಿಕ್ಕದೆ ಜಾರಿದ್ದು ಐದು. ಉಳಿದವನ್ನು ಎಸೆದು ಹೊಸ ತೆಳು ಸೂಜಿಗಳನ್ನು ತರಿಸಿದೆವು. ಒಬ್ಬರಿಗೆ ಹಾಕಿದ್ದನ್ನು ತೊಳೆದು, ಬಟ್ಟೆಯ ಪರೀಕ್ಷೆ ಮಾಡಿ, ಅದಾದ ಮೇಲೆಯೇ ಕುದಿಸುವುದು. ನೀರು ಬುಗುಬುಗು ಎಂದ ಮೇಲೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿ.

ತೆಳು ಸೂಜಿಯಲ್ಲಿ ಮದ್ದು ಕಟ್ಟಿಕೊಂಡಿತು. ಮೊದಲ ಬುಧವಾರ ಮೂರು ಸೂಜಿ ಹಾಳು. ನನ್ನ ಹಳೆಯ ವಾದವೇ ಸರಿಯೇನೋ ಅನಿಸಿತು. ಡಾಕ್ಟ್ರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದನ್ನು ಎಷ್ಟು ಅಲ್ಲಾಡಿಸಿದಿರಿ?" ಎಂದು ಕೇಳಿದರು. ತಳದಲ್ಲಿ ಬಿಳಿ ಗೆರೆ ಹಾಗೇ ಇತ್ತು. ತಳ ಸ್ವಚ್ಛ ಕಾಣುವವರೆಗೆ ಅಲ್ಲಾಡಿಸುವುದು, ಎಳೆದ ಕೂಡಲೇ ಕೊಡುವುದು, ಅದರ ಜೊತೆ ಮರಗಟ್ಟಿಸುವ ಮದ್ದನ್ನು ಸಮಪಾಲು ಬೆರೆಸುವುದು ಎಂದು ನಿಶ್ಚಯಿಸಿದರು. ಬೆರೆಸಿದ್ದರಿಂದ ಮದ್ದು ತೆಳುವಾಗಿ ಸೂಜಿಯಲ್ಲಿ ಇಳಿಯಿತು, ಜೋರೂ ತಗ್ಗಿತು, ನೋವೂ ತಗ್ಗಿತು. ಮರಗಟ್ಟಿಸುವ ಮದ್ದು ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ಮೊದಲು ಮುಂಗೈಯಲ್ಲಿ ಒಂದು ಹನಿ ಕೊಟ್ಟು ಕಾಯುವುದು, ತುರ್ತಿನ ಮದ್ದು ತುಂಬಿದ ಸಿರಿಂಜನ್ನು ಪಕ್ಕದಲ್ಲೇ ಇಡುವುದು. ಸೂಜಿ ಕಳಚದ ಹಾಗೆ ಕುತ್ತಿಗೆಗೆ ತಿರುಪು ಇರುವ ಸಿರಿಂಜುಗಳು ಬಂದವು. ದಿನದ ಕೊನೆಗೆ ತೆರೆದ ಬಾಟಲಿಗಳನ್ನೆಲ್ಲ ಡಾಕ್ಟ್ರಮ್ಮನ ಕಣ್ಣೆದುರು ಚೆಲ್ಲುವುದು. ಮೊದಲ ದಿನ ಚೆಲ್ಲುವಾಗ ನನ್ನ ಕೈ ಹಿಂದೆ ಮುಂದೆ ನೋಡಿತು. ಬಾಯಿಯ ಕೆನ್ನೆ ನೆನಪಾಯಿತು. ಚೆಲ್ಲಿದೆ.

ಐಸಿನ ಉಪಾಯ ನನ್ನದು. ಕಾರ್ಕಳದಲ್ಲಿ ಐಸ್‌ಕ್ಯಾಂಡಿ ಮಾಡುವ ನನ್ನ ಸಹಪಾಠಿಯೊಬ್ಬನಿದ್ದ. ಅವನ ಹತ್ತಿರ ಅಲ್ಯೂಮಿನಿಯಂ ಅಚ್ಚುಗಳನ್ನು ಕೇಳಿದೆ.

"ಎಂತಕ್ಕಾ ಮಾರಾಯ, ಆಸ್ಪತ್ರೆಯಲ್ಲಿ ಕ್ಯಾಂಡಿ ಮಾರ್ತೀಯಾ?"

"ಮುಖಕ್ಕೆ ತಿನ್ನಿಸ್ಲಿಕ್ಕೆ."

ಅಚ್ಚನ್ನು ಕುದಿಸಿ, ಕುದಿಸಿ ಆರಿಸಿದ ನೀರು ತುಂಬಿ, ಕಡ್ಡಿ ಇಟ್ಟು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದೆ. ಒಬ್ಬರಿಗೆ ಒಂದು ಕ್ಯಾಂಡಿ. ಶುದ್ಧ ಗಾಜ್ ಬಟ್ಟೆ ಸುತ್ತಿ ಒಂದು ನಿಮಿಷ ಗಂಟಿಗೆ ಹಿಡಿದು, ಒರೆಸಿ, ಸ್ಪಿರಿಟ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಸೂಜಿ. ಒಣಗುವ ಮೊದಲೇ ಚುಚ್ಚಿದರೆ ಸ್ಪಿರಿಟ್ಟೇ ಉರಿಯುತ್ತದೆ ಎಂಬುದು ಹತ್ತು ವರ್ಷ ಸ್ಪಿರಿಟ್ ಹಚ್ಚಿದ ನನಗೆ ಆಗಲೇ ತಿಳಿದದ್ದು. ಹೀಗೆ ಬದಲಾಯಿಸಿದ ಪ್ರತಿಯೊಂದನ್ನೂ ಮೊದಲು ನನ್ನ ಮುಂಗೈಗೆ ಉಪ್ಪುನೀರಿನಲ್ಲಿ ಮಾಡಿಸಿಕೊಂಡೆ. ಅದು ಡಾಕ್ಟ್ರಮ್ಮನ ಷರತ್ತು.

ಕೊನೆಯ ನಿಯಮ ಬಾಯಿಯದು. ಅವರು ತಿಂಗಳಿಗೊಮ್ಮೆ ಗುಳಿ ತೋರಿಸಲು ಬರುತ್ತಿದ್ದರು. ಒಂದು ದಿನ ಡಾಕ್ಟ್ರಮ್ಮನಿಗೇ ಹೇಳಿದರು: "ಮಶೀನಿನಿಂದ ಕಾಲು ತೆಗೆದ್ರೆ ಸೂಜಿ ನಿಲ್ತದೆ. ನಿಮ್ಮದು ಸುರು ಆದ್ರೆ ನಿಲ್ಲುದೇ ಇಲ್ಲ. ಕೂತವರ ಕೈಯಲ್ಲಿ ಎಂತದೂ ಇಲ್ಲ." ಅಂದಿನಿಂದ ಕೂತವರು ಎಡಗೈ ಎತ್ತಿದರೆ ಡಾಕ್ಟ್ರಮ್ಮ ನಿಲ್ಲಿಸಲೇಬೇಕು. ವಿಚಿತ್ರವೆಂದರೆ, ಕೈ ಎತ್ತಬಹುದು ಎಂದು ಹೇಳಿದ ಮೇಲೆ ಕೈ ಎತ್ತಿದವರು ಬಹಳ ಕಡಿಮೆ.

ಮದ್ದು ಅರ್ಧಕ್ಕೆ ಬಿಟ್ಟು ಹೋದವರಿಗೆ ಮತ್ತೆ ಬನ್ನಿ ಎಂದು ನಾನೇ ಕಾರ್ಡು ಬರೆದೆ. ಪಡುಬಿದ್ರಿಯಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಮರೊಬ್ಬರು ಮಗಳನ್ನು ಕರೆತಂದು, "ಈ ಸಲ ಇವಳು ಅತ್ತರೆ ನಿಮ್ಮನ್ನು ನಾನು ಅಳಿಸ್ತೇನೆ, ಆಯ್ತಾ?" ಎಂದು ಕೂತರು. ಹುಡುಗಿ ಅಳಲಿಲ್ಲ. ಸೂಜಿ ತೆಗೆದಾದ ಮೇಲೆ "ಚುಚ್ಚಿ ಆಯ್ತಾ?" ಎಂದು ಕೇಳಿದಳು. ಡಾಕ್ಟ್ರಮ್ಮ ಆ ಕಡೆ ತಿರುಗಿ ಕೈ ತೊಳೆದುಕೊಂಡರು. ಮತ್ತೆ ಅವರಾಗಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು.

ಟೈಲರ್ ಬಾಯಿಯ ಗುಳಿ ತುಂಬುತ್ತ ಬಂತು. ದೊಡ್ಡ ಸಿಸ್ಟರ್ ಇನ್ನೊಂದು ವರ್ಷ ಕಾಯಲು ಒಪ್ಪಿದ್ದರು. ಜೂನಿನಲ್ಲಿ ಶಾಲೆ ತೆರೆದ ದಿನ ಅವರು ಮನೆಯಲ್ಲೇ ಇದ್ದರು. ನಾನು ಆ ದಾರಿಯಲ್ಲಿ ತಲೆ ತಗ್ಗಿಸಿ ಹೋದೆ. ಅಕ್ಟೋಬರಿಗೆ ಗುಳಿಯ ಅಂಚು ಕೈಗೆ ಸಿಗುತ್ತಿರಲಿಲ್ಲ. ಬಿಳಿಯೊಳಗೆ ಕಂದು ಚುಕ್ಕೆಗಳು ಬಂದು ಒಂದನ್ನೊಂದು ಕೂಡಿಕೊಂಡವು. ಡಾಕ್ಟ್ರಮ್ಮ ಮುಖದ ಚಿತ್ರ ಬರೆದು, ಗಂಟಿನ ಮೇಲೆ ಐದು ಚುಕ್ಕೆ ಇಟ್ಟು, "ಇಷ್ಟೇ ಜಾಗ, ಒಂದೊಂದಕ್ಕೆ ಒಂದೊಂದು ಹನಿ" ಎಂದರು. ಬಾಯಿ ಕುರ್ಚಿಯಲ್ಲಿ ಕೂರುವ ಮೊದಲು ಕೈ ಚಾಚಿದರು. ಕುದಿಸುವ ಮೊದಲಿನ ಸೂಜಿಯನ್ನು ಅವರ ಕೈಗೇ ಕೊಟ್ಟೆ. ಸೆರಗಿನಿಂದ ವಾಯಿಲ್ ತುಂಡು ತೆಗೆದು ಎಳೆದು ನೋಡಿ, "ಪಾಸ್" ಎಂದರು. ಅದು ಕುದಿಯುವ ಇಪ್ಪತ್ತು ನಿಮಿಷವೂ ಪಾತ್ರೆಯ ಮುಂದೆಯೇ ನಿಂತಿದ್ದರು. ಎಡಗೈ ಎತ್ತಲಿಲ್ಲ.

ತಿಂಗಳಿಗೊಂದರಂತೆ ಐದು ಬುಧವಾರ ಹೀಗೆ. ಮಾರ್ಚಿನಲ್ಲಿ ಗಂಟು ಚರ್ಮದ ಮಟ್ಟಕ್ಕೆ ಇಳಿಯಿತು. ಎಪ್ರಿಲಿನಲ್ಲಿ ಡಾಕ್ಟ್ರಮ್ಮ ಬೆರಳಾಡಿಸಿ ನೋಡಿ, ಸಿರಿಂಜನ್ನು ಟ್ರೇಗೆ ವಾಪಸ್ಸು ಇಟ್ಟರು. "ಇನ್ನು ಬೇಡ. ಇನ್ನು ಕೊಟ್ಟರೆ ಹೆಚ್ಚಾಗ್ತದೆ."

ಬಾಯಿ ಕನ್ನಡಿ ಕೇಳಲಿಲ್ಲ. ಆ ವಾಯಿಲ್ ತುಂಡನ್ನು ತೆಗೆದು ಬೆರಳಿಗೆ ಬಿಗಿದುಕೊಂಡು, ಕಣ್ಣು ಮುಚ್ಚಿ ಕಿವಿಯ ಕೆಳಗಿನಿಂದ ಗಲ್ಲದವರೆಗೆ ದವಡೆಯ ಮೇಲೆ ನಿಧಾನವಾಗಿ ಎಳೆದರು. ಬಟ್ಟೆ ಎಲ್ಲಿಯೂ ತಡೆಯದೆ ಜಾರಿತು. ಮತ್ತೊಮ್ಮೆ ಗಲ್ಲದಿಂದ ಕಿವಿಯ ಕಡೆಗೆ ಎಳೆದರು. ಕಣ್ಣು ತೆರೆದು ನನ್ನನ್ನು ನೋಡಿದರು.

"ಎಳೆ ಸಿಕ್ಕಲಿಲ್ಲ ಕಂಪೌಂಡರೇ."

ಆವತ್ತು ಆ ಶಬ್ದ ನನಗೆ ಚುಚ್ಚಲಿಲ್ಲ. ಕ್ಷಮೆ ಕೇಳಲು ಒಂದು ವರ್ಷದಿಂದ ಏನೇನೋ ಮಾತು ಕಟ್ಟಿಟ್ಟುಕೊಂಡಿದ್ದೆ. "ತಪ್ಪಾಯ್ತು ಬಾಯಿ" ಎಂದಷ್ಟೇ ಹೇಳಿದೆ. ಅವರು ಆ ಬಟ್ಟೆಯ ತುಂಡನ್ನು ನಾಲ್ಕಾಗಿ ಮಡಚಿ ನನ್ನ ಸೂಜಿಯ ಟ್ರೇಯ ಪಕ್ಕದಲ್ಲಿ ಇಟ್ಟು, "ಇದು ಇಲ್ಲೇ ಇರ್ಲಿ. ನನಗೆ ಇನ್ನು ಬೇಡ, ನಿಮಗೆ ಬೇಕಾಗ್ತದೆ" ಎಂದರು.

ಜೂನ್ ಒಂದರಂದು ಬೆಳಿಗ್ಗೆ ಕಾಪುವಿನ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಒಂದೇ ಬಸ್ಸು ಹತ್ತಿದೆವು. ಅವರ ಸೆರಗು ಹೆಗಲ ಮೇಲೆ ಪಿನ್ ಹಾಕಿ ಭದ್ರವಾಗಿತ್ತು, ಕೈಗಳೆರಡೂ ಪುಸ್ತಕದ ಚೀಲದ ಮೇಲಿದ್ದವು. ಯಾರೋ ಹಿಂದಿನ ಸೀಟಿನಿಂದ, "ಡಾಕ್ಟ್ರೇ, ಈ ಭಾನುವಾರ ಮನೆಯಲ್ಲಿ ಸಿಕ್ತೀರಾ?" ಎಂದು ಕೂಗಿದರು.

"ನಾನು ಕಂಪೌಂಡರ್" ಎಂದೆ. "ಭಾನುವಾರ ಇಲ್ಲ. ಬುಧವಾರ ಮಣಿಪಾಲಕ್ಕೆ ಬನ್ನಿ."

ಬಾಯಿ ಮುಂದಿನ ಸೀಟಿನಲ್ಲಿ ತಿರುಗಿ ನೋಡದೆ ಕುಳಿತಿದ್ದರು. ಆ ದವಡೆ ಕಿಟಕಿಯ ಕಡೆಗಿತ್ತು, ಬಿಸಿಲು ಬಿದ್ದಿತ್ತು. ಉಡುಪಿ ಬರುವವರೆಗೆ ಅವರು ಅದನ್ನು ಮುಚ್ಚಲಿಲ್ಲ.